ಶಬ್ದವಿಚಾರ: ಮರದ ಬೊಡ್ಡೆಯಿಂದ ಸೆರೆಮನೆಗೆ

ದಕ್ಷಿಣ ಆಫ್ರಿಕದ ಆಫ್ರಿಕಾನ್ಸ್ ಭಾಷೆಯಲ್ಲಿ ಸೆರೆಮನೆಗೆ ‘ಟ್ರೊಂಕ್’ ಎಂದು ಹೆಸರು. ಮಹಾಸಾಗರದಾಚೆಯ ಇಂಡೊನೇಷ್ಯದ ಭಾಷೆಯಲ್ಲಿ ಅದೇ ಅರ್ಥದ ಹಳೆಯ ಮಾತು ‘ತೆರುಂಕು’. ಈ ಎರಡು ನುಡಿಗಳ ಕುಲ ಬೇರೆ ಬೇರೆ. ಶಬ್ದ ಮಾತ್ರ ಒಂದೇ. ಇದರ ಮೂಲವೆಲ್ಲಿ?

ಪೋರ್ಚುಗೀಸ್ ಭಾಷೆಯಲ್ಲಿ ‘ತ್ರೊಂಕು’ ಎಂದರೆ ಮರದ ಬೊಡ್ಡೆ. ದಿಮ್ಮಿಗೆ ತೂತು ಕೊರೆದು ಅಪರಾಧಿಯ ಕಾಲುಗಳನ್ನು ಅದರಲ್ಲಿ ಸಿಕ್ಕಿಸುತ್ತಿದ್ದುದರಿಂದ ಆ ಕೋಳಕ್ಕೂ ಅದೇ ಹೆಸರಾಯಿತು. ಕ್ರಮೇಣ ಸೆರೆಮನೆಗೂ ಸಂದಿತು. 1511ರಲ್ಲಿ ಪೋರ್ಚುಗೀಸರು ಮಲಕ್ಕವನ್ನು ಗೆದ್ದ ಮೇಲೆ ಮಲಯ ಭಾಷೆಯು ಇಂತಹ ಅನೇಕ ಮಾತುಗಳನ್ನು ಅವರಿಂದ ಪಡೆಯಿತು. 1652ರಲ್ಲಿ ಡಚ್ಚರು ಆಫ್ರಿಕದ ಕೇಪ್ ಪ್ರಾಂತದಲ್ಲಿ ನೆಲೆಯೂರಿದರು. ಅನಂತರ ಇಂಡೊನೇಷ್ಯದ ದ್ವೀಪಗಳಿಂದಲೂ ಭಾರತದ ಕರಾವಳಿಗಳಿಂದಲೂ ಗುಲಾಮರನ್ನು ಅಲ್ಲಿಗೆ ಸಾಗಿಸಿದರು. ಇವರಲ್ಲಿ ಅನೇಕರು ಮಲಯವನ್ನೂ ಬೆರಕೆಯ ಪೋರ್ಚುಗೀಸನ್ನೂ ಆಡುವವರು. ಯಜಮಾನರ ಡಚ್ ಭಾಷೆ ಇವರ ಬಾಯಲ್ಲಿಯೂ ಮಾರ್ಪಟ್ಟು ಆಫ್ರಿಕಾನ್ಸ್ ಆಯಿತು.

ನಾವೂ ಈ ಶಬ್ದಕ್ಕೆ ಹೊರಗಿನವರಲ್ಲ. 1510ರಲ್ಲಿ ಪೋರ್ಚುಗೀಸರ ವಶವಾದ ಗೋವೆಯ ನೆರೆಯಲ್ಲಿ ಮರಾಠಿಗೆ ‘ತುರುಂಗ’ವೂ ಕನ್ನಡಕ್ಕೆ ‘ತುರಂಗ’ವೂ ದೊರೆತವು. ‘ತುರಂಗವಾಸ’ವೆಂಬಲ್ಲಿ ಸಂಸ್ಕೃತದ ಕುದುರೆಯನ್ನು ಹುಡುಕುವುದು ವ್ಯರ್ಥ. ಇಂಡೊನೇಷ್ಯದವರಾದರೋ ಇಂದು ಸೆರೆಮನೆಯನ್ನು ಸಾಮಾನ್ಯವಾಗಿ ‘ಪೆಂಜಾರ’ ಎನ್ನುತ್ತಾರೆ. ಅದು ನಮ್ಮ ಮನೆಯ ಗಿಳಿಯ ‘ಪಂಜರ’ವೇ!

ಆ ಕಾಲದ ಹಡಗುಗಳು ಮೆಣಸು, ಲವಂಗಗಳನ್ನು ಹೊತ್ತ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಕೋಳ ತೊಟ್ಟ ಮನುಷ್ಯರನ್ನೂ ಅವು ಹೊತ್ತವೆಂಬುದನ್ನು ಹೇಳಲು ಈ ಒಂದು ಶಬ್ದ ಸಾಕು.