ಯೀಸ್ಟಿನ ಸಾಕ್ಷಿ ಎಲ್ಲಿಯವರೆಗೆ?

ಹುಲಸೂರಿನಂಥ ಊರಿನಲ್ಲಿ ಕೂಸೊಂದರ ಕೈಕಾಲು ಸೋಲತೊಡಗಿದರೆ ಮನೆಯವರು ಮೊದಲು ಬೀದರಿಗೆ, ಆಮೇಲೆ ಹೈದರಾಬಾದಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಓಡಬೇಕು. ಕೊನೆಗೆ ಜೀನ್ ಪರೀಕ್ಷೆಯ ವರದಿ ಬಂದರೂ ಎಷ್ಟೋ ಸಲ ಅದು ಹೇಳುವುದಿಷ್ಟೇ: ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಕ್ಕೆ ಸೇರಿದ ಜೀನಿನಲ್ಲಿ ಬದಲಾವಣೆ ಸಿಕ್ಕಿದೆ, ರೋಗಕ್ಕೆ ಅದೇ ಕಾರಣವೆನ್ನಲಾಗದು. ಇಂಥ ಅನುಮಾನ ಬಗೆಹರಿಸಲು ವಿಜ್ಞಾನಿಗಳು ಅಂಥದೇ ಬದಲಾವಣೆ ಮಾಡಿ ನೋಡಲು ಬ್ರೆಡ್ ಉಬ್ಬಿಸುವ ಯೀಸ್ಟಿನ ಮೊರೆ ಹೋಗುತ್ತಾರೆ. ಅದನ್ನು ಎಷ್ಟು ನಂಬಬಹುದು?

ನಂಬಲು ಗಟ್ಟಿ ಕಾರಣವಿದೆ. ಮೈಟೊಕಾಂಡ್ರಿಯದ ಉಸಿರಾಟ ಕೆಟ್ಟರೂ ಯೀಸ್ಟ್ ಸಾಯುವುದಿಲ್ಲ. ಸಕ್ಕರೆ ಸಿಕ್ಕರೆ ಹುದುಗಿಸಿಕೊಂಡೇ ಬದುಕುತ್ತದೆ. ಸಕ್ಕರೆ ತೆಗೆದು, ಹುದುಗಿಸಲಾಗದ ಗ್ಲಿಸರಾಲ್ ಕೊಟ್ಟಾಗ ದೋಷ ಬಯಲಾಗುತ್ತದೆ, ಬೆಳವಣಿಗೆ ನಿಂತುಬಿಡುತ್ತದೆ. ಬೋರಿಸ್ ಎಫ್ರುಸಿ 1949ರಲ್ಲಿ ಫ್ರಾನ್ಸಿನಲ್ಲಿ ವರ್ಣಿಸಿದ ‘ಪೆಟಿಟ್’ ಯೀಸ್ಟುಗಳು ಇಂಥವೇ. ಒಳ್ಳೆಯ ಆಹಾರವಿದ್ದರೆ ಸುಮಾರು 90 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಜೀವಿಯಿದು, ಖರ್ಚೂ ಕಡಿಮೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ಯಾಟ್ರಿಕ್ ಡಿಸಿಲ್ವ ಅವರ ತಂಡ ಮೈಟೊಕಾಂಡ್ರಿಯದೊಳಕ್ಕೆ ಪ್ರೋಟೀನುಗಳು ಹೇಗೆ ಸಾಗುತ್ತವೆ ಎಂಬುದನ್ನು ಯೀಸ್ಟ್ ಇಟ್ಟುಕೊಂಡೇ ಬಿಡಿಸುತ್ತ ಬಂದಿದೆ. ಅವರು 2010ರಲ್ಲಿ ವಿವರಿಸಿದ ‘ಮ್ಯಾಗ್ಮಾಸ್’ ಎಂಬ ಪ್ರೋಟೀನಿನ ದೋಷವೇ ಮೂಳೆಯ ತೀವ್ರ ಕಾಯಿಲೆಯೊಂದಕ್ಕೆ ಕಾರಣವೆಂದು 2014ರಲ್ಲಿ ಬೇರೆ ಸಂಶೋಧಕರು ತೋರಿಸಿದರು. ಆ ಕಾಯಿಲೆಯ ಮಕ್ಕಳು ಲೆಬನಾನಿನವರು, ತಂದೆತಾಯಿ ರಕ್ತಸಂಬಂಧಿಗಳು. ಆ ಬದಲಾವಣೆ ಕೆಡುಕಿನದೇ ಎಂದು ಸಾಕ್ಷಿ ನುಡಿದದ್ದು ಯೀಸ್ಟ್. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಸೀಮೆಗೆ ಇದು ದೂರದ ಕತೆಯಲ್ಲ. ಮೈಟೊಕಾಂಡ್ರಿಯದ ಸ್ವಂತ ಡಿಎನ್ಎಯ 37 ಜೀನುಗಳು ತಾಯಿಯಿಂದ ಬರುತ್ತವೆ, ನಿಜ. ಆದರೆ ಅದರ ಪ್ರೋಟೀನುಗಳಲ್ಲಿ ಹೆಚ್ಚಿನವುಗಳ ಜೀನು ತಂದೆತಾಯಿ ಇಬ್ಬರಿಂದಲೂ ಬಂದದ್ದು. ಸೊಸೆಯನ್ನು ದೂರುವ ಮನೆಗಳಿಗೆ ಇದನ್ನು ಯಾರಾದರೂ ಹೇಳಬೇಕು.

ಇನ್ನೊಂದು ಕಡೆಯ ವಾದವೂ ಹಗುರವಲ್ಲ. ಉಸಿರಾಟದ ಸರಪಳಿಯ ಮೊದಲ ಘಟ್ಟ, ಕಾಂಪ್ಲೆಕ್ಸ್-1, ಈ ಯೀಸ್ಟಿನಲ್ಲಿ ಇಲ್ಲವೇ ಇಲ್ಲ. ಹರೆಯದವರ ಕಣ್ಣು ಕಸಿಯುವ ಲೀಬರ್ ಕಾಯಿಲೆಯ ಮುಖ್ಯ ಬದಲಾವಣೆಗಳು ಇರುವುದೇ ಅಲ್ಲಿ. ಮನುಷ್ಯನ ಒಂದೇ ಕೋಶದಲ್ಲಿ ಮೈಟೊಕಾಂಡ್ರಿಯದ ಕೆಟ್ಟ ಡಿಎನ್ಎಯೂ ಒಳ್ಳೆಯ ಡಿಎನ್ಎಯೂ ಕೂಡಿ ಇರಬಹುದು, ಕೆಟ್ಟದ್ದರ ಪಾಲು ಮಿತಿ ಮೀರಿದಾಗ ರೋಗ ಕಾಣುತ್ತದೆ. ಯೀಸ್ಟಿನಲ್ಲಿ ಕೆಲವೇ ತಲೆಮಾರಿನಲ್ಲಿ ಒಂದು ಬಗೆಯಷ್ಟೇ ಉಳಿಯುತ್ತದೆ. ಮೇಲಾಗಿ ಅದಕ್ಕೆ ಮಿದುಳಿಲ್ಲ, ಹೃದಯವಿಲ್ಲ.

ಫ್ರಟಾಕ್ಸಿನ್ ಎಂಬ ಪ್ರೋಟೀನಿನ ಕೊರತೆಯಿಂದ ಬರುವ ನರರೋಗ ಫ್ರೀಡ್ರೈಕ್ ಅಟಾಕ್ಸಿಯದ ಪಾಠ ಇನ್ನೂ ಕಟು. ಫ್ರಟಾಕ್ಸಿನ್ ಇಲ್ಲದ ಯೀಸ್ಟಿನ ಮೈಟೊಕಾಂಡ್ರಿಯದಲ್ಲಿ ಕಬ್ಬಿಣ ತುಂಬಿಕೊಳ್ಳುವುದು 1997ರಲ್ಲಿ ಕಂಡಿತು. ಅದು ಒಳ್ಳೆಯ ಸುಳಿವೇ. ಆದರೆ ಕಬ್ಬಿಣ ತೆಗೆಯುವ ಡೆಫೆರಿಪ್ರೋನ್ ಮಾತ್ರೆಯನ್ನು ರೋಗಿಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕಾಯಿಲೆ ಉಲ್ಬಣಿಸಿತೆಂದು 2014ರ ವರದಿ ಹೇಳಿತು.

ಹಾಗಾಗಿ, ಒಂದು ಬದಲಾವಣೆ ಪ್ರೋಟೀನನ್ನು ಕೆಡಿಸುತ್ತದೆಯೇ ಎಂಬ ಪ್ರಶ್ನೆಗೆ ಯೀಸ್ಟಿನ ಮಾತನ್ನು ಒಪ್ಪುತ್ತೇನೆ. ಔಷಧಿಯ ಭರವಸೆಗೆ ಒಪ್ಪಲಾರೆ. ಅನುಮಾನದ ವರದಿ ಕೈಯಲ್ಲಿರುವವರು ಮುಂದಿನ ಮಗುವಿಗೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿಕೊಳ್ಳಲಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಕೇಂದ್ರಗಳಾಗಿ ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಹೈದರಾಬಾದಿನಲ್ಲಿ ಸಿಡಿಎಫ್‌ಡಿ ಮತ್ತು ನಿಮ್ಸ್ ಇವೆ. ಹುಲಸೂರಿಗೆ ಹೈದರಾಬಾದೇ ಹತ್ತಿರ.