ಸಹಿ ಕನ್ನಡದಲ್ಲಿ, ಉತ್ತರ ಇಂಗ್ಲಿಷಿನಲ್ಲಿ

ನಮ್ಮ ಕಡೆ, ಅಂದ್ರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ, ಕೈಯಲ್ಲೊಂದು ಫಾರ್ಮು ಹಿಡಿದು ಮನೆಗೆ ಬರುವವರು ಹೊಸಬರೇನಲ್ಲ. ಎಷ್ಟು ಮಕ್ಕಳು, ಹೆರಿಗೆ ಎಲ್ಲಾಯ್ತು, ಎಷ್ಟು ಎಕರೆ, ಯಾವ ಜಾತಿ, ಯಾರಿಗೆ ಓಟು, ಎಲ್ಲಮ್ಮನ ಗುಡ್ಡಕ್ಕೆ ಹೋಗ್ತೀರಾ? ಜನ ಚಹಾ ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ಹೆಬ್ಬೆಟ್ಟು ಒತ್ತಿ ಕಳಿಸ್ತಾರೆ. ಆಮೇಲೆ ಅದು ಏನಾಯ್ತು ಅಂತ ಕೇಳಿ ನೋಡಿ. "ಬರಕೊಂಡ ಹ್ವಾದ್ರು, ಹೊಳ್ಳಿ ಬರಲಿಲ್ಲ ನೋಡ್ರಿ." ಅಷ್ಟೇ.

ಇಷ್ಟು ಓದಿ "ಇವನೊಬ್ಬ ಸಂಶೋಧನೆ ವಿರೋಧಿ" ಅಂತ ತೀರ್ಮಾನಕ್ಕೆ ಬರಬೇಡಿ ಗೆಳೆಯರೆ. ನಮ್ಮ ಜಿಲ್ಲೆಯಲ್ಲಿ ನಡೆದ ಸಂಶೋಧನೆ ಬಗ್ಗೆ ನನಗೆ ಹೆಮ್ಮೆ ಇದೆ. ಹೊಟ್ಟೆಯುರಿ ಶುರುವಾಗೋದೂ ಅಲ್ಲಿಂದಲೇ.

ಒಂದು ಉದಾಹರಣೆ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ಬಾಣಂತಿ ಸಾಯೋದು ನಾವೆಲ್ಲ ಕೇಳಿರೋ ಕಥೆ. ಆಸ್ಪತ್ರೆಯಲ್ಲಾದ್ರೆ ಆಕ್ಸಿಟೋಸಿನ್ ಇಂಜೆಕ್ಷನ್ ಇರುತ್ತೆ. ಅದನ್ನ ತಂಪಲ್ಲಿಡಬೇಕು, ಚುಚ್ಚೋಕೆ ಬರಬೇಕು. ಮನೆಯಲ್ಲೋ ಉಪಕೇಂದ್ರದಲ್ಲೋ ಆದ ಹೆರಿಗೆಗೆ ಏನು ಗತಿ? ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಮತ್ತು ಅಮೆರಿಕದ ಸಂಶೋಧಕರು ಸೇರಿ 2002ರಿಂದ 2005ರವರೆಗೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಣ್ಣುಮಕ್ಕಳ ಮೇಲೆ ಪ್ರಯೋಗ ಮಾಡಿದರು. ಅರ್ಧ ಜನಕ್ಕೆ ಮಿಸೊಪ್ರೊಸ್ಟಾಲ್ ಗುಳಿಗೆ, ಇನ್ನರ್ಧಕ್ಕೆ ಔಷಧವೇ ಇಲ್ಲದ ಗುಳಿಗೆ. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ನಮ್ಮ ಎಎನ್‌ಎಂ ನರ್ಸಕ್ಕಗಳು. ವಿಪರೀತ ರಕ್ತಸ್ರಾವ 100ಕ್ಕೆ 12ರಿಂದ 6.4ಕ್ಕೆ ಇಳೀತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉಪಯೋಗಕ್ಕೆ ಆ ಗುಳಿಗೆಯನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಫ್ರಿಕಾದ ಯಾವುದೋ ಮೂಲೆಯ ತಾಯಿಯೊಬ್ಬಳು ಬದುಕಿಕೊಂಡಿದ್ದರಲ್ಲಿ ನಮ್ಮೂರಿನ ಹೆಣ್ಣುಮಕ್ಕಳ ಪಾಲೂ ಇದೆ ಅಂತಾಯ್ತು. ಇದು ನಮ್ಮ ಶಾಲೆಯ ಪಾಠದಲ್ಲಿ ಇರಬೇಕಿತ್ತು ಕಣ್ರಿ! ಬೈಲಹೊಂಗಲ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹತ್ತು ಜನರನ್ನ ಕೇಳಿದ್ರೆ ಎಷ್ಟು ಜನಕ್ಕೆ ಗೊತ್ತಿರುತ್ತೆ?

ಅದು ಹೆಮ್ಮೆಯ ವಿಷಯ, ಗೊತ್ತಿಲ್ಲದಿದ್ರೂ ಯಾರ ಪ್ರಾಣವೂ ಹೋಗಲ್ಲ ಅನ್ನಬಹುದು. ಇನ್ನೊಂದು ಕೇಳಿ.

ದಿನ ತುಂಬುವ ಮೊದಲೇ ಹೆರಿಗೆ ಆಗೋ ಹಾಗಿದ್ರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತಾರೆ, ಕೂಸಿನ ಶ್ವಾಸಕೋಶ ಬೇಗ ಬಲಿಯಲಿ ಅಂತ. ದೊಡ್ಡ ಆಸ್ಪತ್ರೆಗಳಲ್ಲಿ ಇದರಿಂದ ಉಪಯೋಗ ಇದೆ ಅಂತ ಮೊದಲೇ ಗೊತ್ತಿತ್ತು. ಹಳ್ಳಿಯಲ್ಲೂ ಕೊಟ್ರೆ? 2011ರಲ್ಲಿ ಆರು ದೇಶಗಳಲ್ಲಿ ಪ್ರಯೋಗ ಶುರುವಾಯ್ತು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ. ಊರೂರನ್ನೇ ಗುಂಪು ಮಾಡಿ, ಚೀಟಿ ಎತ್ತಿದ ಹಾಗೆ ಆರಿಸಿ, ಕೆಲವು ಗುಂಪಿನಲ್ಲಿ ಇಂಜೆಕ್ಷನ್ ಬಳಕೆ ಹೆಚ್ಚಿಸಿದರು, ಉಳಿದವರಿಗೆ ಮಾಮೂಲಿ ಆರೈಕೆ. ಸುಮಾರು ಒಂದು ಲಕ್ಷ ಹೆರಿಗೆಗಳ ಲೆಕ್ಕ. ಫಲಿತಾಂಶ ಉಲ್ಟಾ ಬಂತು. ತೀರಾ ಸಣ್ಣ ಕೂಸುಗಳಿಗೆ ಲಾಭ ಕಾಣಲಿಲ್ಲ, ಒಟ್ಟಾರೆ ಕೂಸುಗಳ ಸಾವು 1000ಕ್ಕೆ 23.9 ಇರಬೇಕಾದ ಕಡೆ 27.4 ಆಯ್ತು. ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚಿತು. ಇದೂ ಲ್ಯಾನ್ಸೆಟ್‌ನಲ್ಲೇ ಬಂತು, 2015ರಲ್ಲಿ. ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡ ವಿಷಯ, ಅದಕ್ಕೆ ನಮಸ್ಕಾರ. 2020ರಲ್ಲಿ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಇನ್ನೊಂದು ಪ್ರಯೋಗದ ಫಲಿತಾಂಶ ಬಂತು. ಸ್ಕ್ಯಾನಿಂಗಿನಿಂದ ತಿಂಗಳು ಸರಿಯಾಗಿ ಗೊತ್ತಿದ್ದು, ಕೂಸನ್ನ ನೋಡಿಕೊಳ್ಳೋ ವ್ಯವಸ್ಥೆ ಇರೋ ಕಡೆ ಅದೇ ಇಂಜೆಕ್ಷನ್ ಕೂಸುಗಳನ್ನ ಉಳಿಸಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ರಾಮದುರ್ಗದ ಹಳ್ಳಿಯೊಂದರಲ್ಲಿ ಏಳನೇ ತಿಂಗಳಲ್ಲಿ ಸೊಸೆಗೆ ನೋವು ಶುರುವಾದ್ರೆ, ಇಲ್ಲೇ ಒಂದು ಇಂಜೆಕ್ಷನ್ ಹಾಕಿಸಿ ಕಾಯೋದೋ, ಕೂಸಿನ ವಾರ್ಡ್ ಇರೋ ಆಸ್ಪತ್ರೆಗೆ ಓಡೋದೋ? ಅತ್ತೆಗೆ ಬೇಕಾಗಿರೋ ಮಾಹಿತಿ ಇದೇ. ಅದನ್ನ ಕಂಡುಹಿಡಿಯೋಕೆ ಅವಳ ಜಿಲ್ಲೆಯ ಕೂಸುಗಳೇ ಲೆಕ್ಕಕ್ಕೆ ಸೇರಿವೆ. ಅವಳಿಗೆ ಯಾವ ಭಾಷೆಯಲ್ಲಿ ಹೇಳಬೇಕು?

ಈಗ ಕಾನೂನು ನೋಡಿ. ಔಷಧ ಪ್ರಯೋಗಕ್ಕೆ ಸೇರಿಸಿಕೊಳ್ಳುವಾಗ ಒಪ್ಪಿಗೆ ಪತ್ರ ಆ ವ್ಯಕ್ತಿಗೆ ಅರ್ಥವಾಗೋ ಭಾಷೆಯಲ್ಲೇ ಇರಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಲ್ಲೂ ಅದಿದೆ. ಒಳಗೆ ಬರುವಾಗ ಕನ್ನಡ ಕಡ್ಡಾಯ ಅಂತಾಯ್ತು. ಫಲಿತಾಂಶ ಹೊರಗೆ ಬರುವಾಗ? ಪ್ರಯೋಗಕ್ಕೆ ಒಳಗಾದವರಿಗೆ ಅದರ ಫಲಿತಾಂಶ ತಿಳಿಯೋ ಅವಕಾಶ ಇರಬೇಕು ಅಂತ ಹೆಲ್ಸಿಂಕಿ ಘೋಷಣೆ ಹೇಳುತ್ತೆ. ಘೋಷಣೆ ತಾನೇ :) ಯುರೋಪಿನಲ್ಲಿ 2022ರಿಂದ ಜಾರಿಯಲ್ಲಿರೋ ನಿಯಮದ ಪ್ರಕಾರ ಪ್ರಯೋಗ ಮುಗಿದ ಮೇಲೆ ಸಾಮಾನ್ಯರಿಗೆ ತಿಳಿಯೋ ಸಾರಾಂಶ ಕೊಡಲೇಬೇಕು. ದಕ್ಷಿಣ ಆಫ್ರಿಕಾದ ಸಾನ್ ಬುಡಕಟ್ಟಿನವರು 2017ರಲ್ಲಿ "ನಮ್ಮ ಬಗ್ಗೆ ಸಂಶೋಧನೆ ಮಾಡೋರು ಹೀಗೆ ನಡ್ಕೋಬೇಕು" ಅಂತ ತಾವೇ ನಿಯಮ ಬರೆದುಕೊಂಡರು. ನಮ್ಮ ಕೆಲಸದಲ್ಲಿ ಒಬ್ಬ ಬಗ್ ರಿಪೋರ್ಟ್ ಹಾಕಿದ್ರೆ, ಅದು ಸರಿಹೋದ ದಿನ ಅವನಿಗೊಂದು ಮೇಲ್ ಹೋಗುತ್ತೆ. ರಕ್ತ ಕೊಟ್ಟವರಿಗೆ ಅಷ್ಟೂ ಬೇಡವಾ?

ಸಮಾಜಶಾಸ್ತ್ರದವರು ತಮಗಿದು ಅನ್ವಯಿಸಲ್ಲ ಅಂದುಕೊಂಡು ನಗೋದು ಬೇಡ. ಸವದತ್ತಿ ಎಲ್ಲಮ್ಮನ ಜೋಗತಿಯರು, ದೇವದಾಸಿಯರ ಬಗ್ಗೆ ಬಂದಿರೋ ಇಂಗ್ಲಿಷ್ ಪುಸ್ತಕ, ಪೇಪರು, ಎಚ್‌ಐವಿ ಅಧ್ಯಯನಗಳಿಗೆ ಲೆಕ್ಕವಿಲ್ಲ. ಲೂಸಿಂಡಾ ರ‍್ಯಾಂಬರ್ಗ್ ಅವರ 2014ರ ಪುಸ್ತಕ 'ಗಿವನ್ ಟು ದಿ ಗಾಡೆಸ್', ಜೋಗತಿಯರ ಜಡೆ ಕತ್ತರಿಸುವ ಸುಧಾರಕರನ್ನೇ ಪ್ರಶ್ನೆ ಮಾಡುತ್ತೆ. 1982ರ ನಿಷೇಧ ಕಾಯ್ದೆ ಬೇಕೇ ಬೇಕಿತ್ತು ಅನ್ನೋ ನನ್ನಂಥವನಿಗೆ ಅದರಲ್ಲಿ ಜಗಳ ತೆಗೆಯೋಕೆ ಬೇಕಾದಷ್ಟಿದೆ. ಆದರೆ ಜಗಳ ತೆಗೆಯೋ ಮೊದಲ ಹಕ್ಕು, ಕೂತು ಮಾತಾಡಿದ ಜೋಗತಮ್ಮಗಳದ್ದು. ತಮ್ಮ ಬಗ್ಗೆ ಏನು ಬರೆದಿದ್ದಾರೆ ಅಂತ ಅವರು ಯಾರ ಹತ್ತಿರ ಓದಿಸಿಕೊಳ್ಳಬೇಕು? ನವಿಲುತೀರ್ಥದ ಅಣೆಕಟ್ಟೆಯ ನೀರಿನ ಕರ, 1980ರ ನರಗುಂದ-ನವಲಗುಂದ ರೈತರ ಬಂಡಾಯ, ಎಲ್ಲದರ ಗತಿಯೂ ಹೆಚ್ಚುಕಮ್ಮಿ ಇದೇ. ಕಿತ್ತೂರಿನದ್ದಂತೂ ಬಿಡಿ. 1824ರಲ್ಲಿ ಥ್ಯಾಕರೆ ಸತ್ತ ಸುದ್ದಿ ಕಂಪನಿಯವರ ಕಾಗದದಲ್ಲಿ ಇಂಗ್ಲಿಷಿನಲ್ಲೇ ಹೋಗಿದ್ದು ಸಹಜ, ಅದು ಅವರ ಸೋಲು. ಇನ್ನೂರು ವರ್ಷ ಆದಮೇಲೂ ನಾವು ಅದೇ ದಾರಿ ಹಿಡಿದರೆ ಏನನ್ನೋಣ?

"ಹಳ್ಳಿಯವರಿಗೆ ಅಂಕಿಅಂಶ ಅರ್ಥ ಆಗಲ್ಲ" ಅನ್ನೋರು ಒಂದು ದಿನ ಬೈಲಹೊಂಗಲದ ಹತ್ತಿ ಮಾರುಕಟ್ಟೆಗೆ ಬರಲಿ. ತೂಕ, ತೇವ, ದಲಾಲಿ, ಬಡ್ಡಿ ಎಲ್ಲ ಬಾಯಲ್ಲೇ ಲೆಕ್ಕ. 1000ಕ್ಕೆ ಮೂರು ಕೂಸು ಹೆಚ್ಚಿಗೆ ಸತ್ತವು ಅಂದ್ರೆ ಅರ್ಥ ಆಗಲ್ವಾ ಅವರಿಗೆ? ಅಸಲಿ ಕಾರಣ ಬೇರೆ. ಪ್ರಮೋಷನ್ನಿಗೆ ಬೇಕಾಗಿರೋದು ಜರ್ನಲ್ಲಿನ ಪೇಪರು. ಪಂಚಾಯ್ತಿ ಗೋಡೆಗೆ ಅಂಟಿಸೋ ಒಂದು ಪುಟ ಕನ್ನಡಕ್ಕೆ ಯಾರು ಮಾರ್ಕ್ಸ್ ಕೊಡ್ತಾರೆ?

ಹಾಗಂತ ಕನ್ನಡದಲ್ಲೇ ಬರೆದ ಪಿಎಚ್‌ಡಿ ಪ್ರಬಂಧಗಳ ಸ್ಥಿತಿ ಏನು ಚೆನ್ನಾಗಿದೆ? ಶೋಧಗಂಗಾದಲ್ಲಿ ಹುಡುಕಿ. ಎಷ್ಟೋ ಪ್ರಬಂಧ ಬರೀ ಸ್ಕ್ಯಾನ್ ಮಾಡಿದ ಚಿತ್ರ, ಎಷ್ಟೋ ನುಡಿ, ಬರಹದ ಹಳೇ ಫಾಂಟಿನಲ್ಲಿ. ಕಾಪಿ ಮಾಡಿದ್ರೆ ಬರೋದು ಚಿತ್ರವಿಚಿತ್ರ ಅಕ್ಷರಗಳ ಗುಡ್ಡೆ. ಗೂಗಲ್ಲಿನಲ್ಲಿ 'ದೇವದಾಸಿ' ಅಂತ ಯುನಿಕೋಡಿನಲ್ಲಿ ಹೊಡೆದ್ರೆ ಅವು ಸಿಗೋದೇ ಕಷ್ಟ. ಯುನಿಕೋಡಿಗಾಗಿ ನಾವೆಲ್ಲ ಎಷ್ಟು ಬಡಿದಾಡಿದ್ವಿ, ನೆನಪಿದೆಯಲ್ಲ?

ನನ್ನ ಬೇಡಿಕೆ ದೊಡ್ಡದೇನಲ್ಲ. ನೈತಿಕ ಸಮಿತಿ ಒಪ್ಪಿಗೆ ಕೊಡುವಾಗಲೇ ಷರತ್ತು ಹಾಕಲಿ: ಕೆಲಸ ಮುಗಿದ ಮೇಲೆ ಎರಡು ಪುಟ ಕನ್ನಡ, ಯುನಿಕೋಡಿನಲ್ಲಿ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪಂಚಾಯ್ತಿಗೂ ಒಂದೊಂದು ಪ್ರತಿ. ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವೇ ಮೊದಲು ಶುರು ಮಾಡಲಿ, ಹೆಸರಿಗೂ ಒಪ್ಪುತ್ತೆ.

ಅಲ್ಲೀತನಕ ಸುಮ್ನೆ ಕೂರೋದು ಬೇಡ ಅಂತ ಆ ಸ್ಟೀರಾಯ್ಡ್ ಪ್ರಯೋಗದ ಸಾರಾಂಶವನ್ನ ಕನ್ನಡಕ್ಕೆ ತರ್ತಾ ಇದ್ದೀನಿ. ಅರ್ಧ ಪುಟ ಆಗಿದೆ. ಪ್ರಕಟಿಸೋ ಮೊದಲು ಹೆರಿಗೆ ಡಾಕ್ಟರೊಬ್ಬರು ತಪ್ಪು ತಿದ್ದಿಕೊಡಬೇಕು. ಇನ್ನೊಂದು, 'ನವಜಾತ ಶಿಶು ಮರಣ ಪ್ರಮಾಣ' ಅಂತ ಬರೆದು ನನಗೇ ನಗು ಬಂತು. ನಮ್ಮ ಕಡೆ ನರ್ಸಕ್ಕಗಳು, ಆಶಾ ಕಾರ್ಯಕರ್ತೆಯರು ಮನೆ ಮುಂದೆ ನಿಂತು ಇದನ್ನ ಹೇಗೆ ಹೇಳ್ತಾರೆ? ಗೊತ್ತಿರೋರು ತಿಳಿಸಿ.