ರಜೆಯ ಊರಿನ ಶಾಲೆ

ನಮ್ಮ ಕೊಡಗಿನ ಶಾಲೆಯ ಪೋಷಕರ ಸಭೆಯಲ್ಲಿ ಈಚೆಗೆ ಒಬ್ಬ ತಂದೆ ಎದ್ದು ಕೇಳಿದರು: "ಸಾರ್, ಮಳೆಗೆಂದು ಇಷ್ಟೊಂದು ರಜೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಎರಡು ವಾರ ಹೆಚ್ಚಿಗೆ ಪಾಠ ಮಾಡಬಾರದೇ?" ಪಕ್ಕದಲ್ಲಿದ್ದ ತಾಯಿಯೊಬ್ಬರು ಕೂಡಲೇ ಹೇಳಿದರು: "ಬೇಡ ಸಾರ್. ನಮ್ಮ ಹೋಂಸ್ಟೇ ತುಂಬುವುದೇ ಆಗ. ಮಗಳಿಲ್ಲದೆ ನನ್ನೊಬ್ಬಳಿಂದ ಆಗುವುದಿಲ್ಲ."

ಇಬ್ಬರ ಮಾತಿನಲ್ಲೂ ನಿಜವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ಮಳೆರಜೆಯ ಪಾಠಗಳನ್ನು ಶನಿವಾರ ಮಧ್ಯಾಹ್ನ ಮಾಡಿ ಮುಗಿಸುತ್ತೇವೆ. ಹಾಗಾದರೆ ಕೊರತೆ ಎಲ್ಲಿ?

ಆ ದಿನ ಸಂಜೆ ಹಾಜರಿ ಪುಸ್ತಕ ತೆರೆದು ನೋಡಿದೆ. ಆ ತಾಯಿಯ ಮಗಳು ಎಂಟನೆಯ ತರಗತಿ. ಅವಳ ಗೈರುಹಾಜರಿಯೆಲ್ಲ ಹೆಚ್ಚಾಗಿ ಸೋಮವಾರ! ವಾರದ ಕೊನೆಗೆ ಬಂದ ಅತಿಥಿಗಳು ಹೊರಡುವುದು, ಕೋಣೆ ಗುಡಿಸುವುದು, ಹೊದಿಕೆ ಒಗೆಯುವುದು ಎಲ್ಲ ಅಂದೇ. ಒಂದು ವರ್ಷದಲ್ಲಿ ಮೂವತ್ತು ಸೋಮವಾರ ತಪ್ಪಿದರೆ 220ರಲ್ಲಿ ಸುಮಾರು ಏಳನೆಯ ಒಂದು ಪಾಲು ಹೋದಂತೆ. ಏಪ್ರಿಲ್‌ನಲ್ಲಿ ಹತ್ತು ದಿನ ಸೇರಿಸಿದರೆ ಆ ಹತ್ತು ದಿನವೂ ಅವಳು ಬರಲಾರಳು.

ಈ ಜಗ್ಗಾಟ ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಸೆಪ್ಟೆಂಬರಿನ ಮೊದಲ ಸೋಮವಾರ ಕಳೆಯುವವರೆಗೆ ಶಾಲೆ ತೆರೆಯಬಾರದೆಂದು 1986ರಲ್ಲಿ ಕಾನೂನು ಬಂತು. ಜನ ಅದನ್ನು ಅಲ್ಲಿನ 'ಕಿಂಗ್ಸ್ ಡೊಮಿನಿಯನ್' ಎಂಬ ಮನರಂಜನಾ ಉದ್ಯಾನದ ಹೆಸರಿನಿಂದಲೇ ಕರೆದರು. 2019ರಲ್ಲಿ ಅದನ್ನು ಸಡಿಲಿಸಬೇಕಾಯಿತು.

ನನ್ನ ತಪ್ಪೂ ಇದೆ. ಹೊಸ ಪಾಠವನ್ನು ನಾನು ಸೋಮವಾರವೇ ಆರಂಭಿಸುತ್ತಿದ್ದೆ. ಬೆಳಕಿನ ಪ್ರತಿಫಲನದ ಮೊದಲ ನಿಯಮ ಕೇಳದ ಹುಡುಗಿಗೆ ಮಂಗಳವಾರ ಕನ್ನಡಿಯ ಚಿತ್ರ ಹೇಗೆ ಅರ್ಥವಾದೀತು? ಈಗ ಸೋಮವಾರ ಹಿಂದಿನ ವಾರದ ಪಾಠದ ಪುನರಾವರ್ತನೆ, ಹೊಸದು ಮಂಗಳವಾರದಿಂದ.

ಆದರೆ ಇದು ಅರ್ಧ ಪರಿಹಾರ ಮಾತ್ರ. ಪೋಷಕರೇ, ವರ್ಷವನ್ನು ಉದ್ದ ಮಾಡುವ ಮೊದಲು ಇರುವ ದಿನಗಳನ್ನು ಮಕ್ಕಳಿಗೆ ಬಿಟ್ಟುಕೊಡಿ. ಹೊದಿಕೆ ಸಂಜೆಯೂ ಒಗೆಯಬಹುದು. ವಿದ್ಯಾರ್ಥಿಗಳೇ, ಬೇಸಿಗೆ ರಜೆಯಲ್ಲಿ ಅಮ್ಮನಿಗೆ ಧಾರಾಳವಾಗಿ ನೆರವಾಗಿ, ಅದೂ ಕಲಿಕೆಯೇ. ಸೋಮವಾರ ಬೆಳಿಗ್ಗೆ ಮಾತ್ರ ನಿಮ್ಮ ಬೆಂಚು ಖಾಲಿ ಇರದಿರಲಿ.